ಪಾನಾ ಹಿಡಿಯುವ ಮುನ್ನ: ಹಳೆಯ ಮಿಲಿಟರಿ ಲಾರಿಗೆ ಡೀಸೆಲ್ ಎಂಜಿನ್

ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ಬರ್ಮಾದ ರಣರಂಗಕ್ಕೆ ಸರಕು ಸಾಗಿಸುವ ಸಲುವಾಗಿ ಅಮೆರಿಕ, ಕೆನಡಾ ಮತ್ತು ಇಂಗ್ಲೆಂಡುಗಳಿಂದ ಭಾರತಕ್ಕೆ ಬಂದಿಳಿದಿದ್ದ ಸೇನಾವಾಹನಗಳಲ್ಲಿ ಸಾವಿರಾರು ತಾಯ್ನಾಡಿಗೆ ಹಿಂದಿರುಗದೆ, 'ಡಿಸ್ಪೋಸಲ್ ಗಾಡಿ'ಗಳೆಂಬ ಹೆಸರನ್ನು ಪಡೆದು, ಹರಾಜಿನ ಮಾರ್ಗವಾಗಿ ಬಸ್ಸು ನಡೆಸುವವರ, ನಾಟಾ ವ್ಯಾಪಾರಿಗಳ, ರಸ್ತೆ ಗುತ್ತಿಗೆದಾರರ ಕೈಸೇರಿದವು. ಮುಂದಿನ ಹಿಂದಿನ ಎಲ್ಲ ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುತ್ತಿದ್ದ ಜಿಎಂಸಿಯ ಎರಡೂವರೆ ಟನ್ನಿನ ಲಾರಿ, ಡಾಜ್ ಸಂಸ್ಥೆಯ ಮುಕ್ಕಾಲು ಟನ್ನಿನ 'ವೆಪನ್ಸ್ ಕ್ಯಾರಿಯರ್', ಕೆನಡಾದ ಫೋರ್ಡ್ ಮತ್ತು ಷೆವರ್ಲೆ ಕಾರ್ಖಾನೆಗಳಲ್ಲಿ ಸಿದ್ಧವಾದ ಮೊಂಡುಮೂತಿಯ ಲಾರಿ, ಇವೆಲ್ಲವೂ ಪೆಟ್ರೋಲ್ ಕುಡಿಯುವ ಗಾಡಿಗಳಾಗಿದ್ದವು. ಇವುಗಳ ಅನಂತರದ ಪೀಳಿಗೆಯು ನಮ್ಮ ದೇಶದಲ್ಲಿಯೇ ಹುಟ್ಟಿತು. 1959ರಲ್ಲಿ ಜಬಲ್ಪುರದಲ್ಲಿ ಜರ್ಮನಿಯ ಮಾನ್ ಸಂಸ್ಥೆಯ ಪರವಾನಗಿಯ ಮೇಲೆ 'ಶಕ್ತಿಮಾನ್' ಲಾರಿಯು ಸಿದ್ಧವಾಗತೊಡಗಿತು. ಆಮೇಲೆ ಜಪಾನಿನ ನಿಸ್ಸಾನ್ ಸಂಸ್ಥೆಯ ಸಹಯೋಗದಿಂದ ಒಂದು ಟನ್ನಿನ ಲಾರಿಯೂ 'ಜೋಂಗಾ' ಎಂಬ ದೊಡ್ಡ ಜೀಪೂ ಅಲ್ಲಿಂದಲೇ ಸೇನೆಗೆ ಹೋದವು. ಶಕ್ತಿಮಾನ್ ಹುಟ್ಟಿನಿಂದಲೇ ಡೀಸೆಲ್ ಗಾಡಿ. ನಿಸ್ಸಾನ್ ಮತ್ತು ಜೋಂಗಾಗಳ ಒಡಲಿನಲ್ಲಿದ್ದುದು 3956 ಸಿಸಿಯ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್.

ಸೇನೆಯು ಕೈಬಿಟ್ಟ ಇಂಥ ಗಾಡಿಯೊಂದು ಹಾವೇರಿ ಜಿಲ್ಲೆಯ ಹಾನಗಲ್ಲಿನ ಗದ್ದೆಯ ಬಯಲಿಗೋ ಹಿರೇಕೆರೂರಿನ ಹೊಲದ ದಾರಿಗೋ ಬಂದು ನಿಂತಾಗ, ಅದರ ಒಡೆಯನು ಮೊದಲು ಕೇಳುವ ಪ್ರಶ್ನೆ "ಯಾವ ಎಂಜಿನ್ ಕೂಡಿಸೋಣ?" ಎಂಬುದೇ ಆಗಿರುತ್ತದೆ. ಗ್ಯಾರೇಜಿನಲ್ಲಿ ಈ ಪ್ರಶ್ನೆಗೆ ಹತ್ತು ಜನ ಹತ್ತು ಉತ್ತರಗಳನ್ನು ಕೊಡುತ್ತಾರೆ, ಮತ್ತು ಆ ಹತ್ತೂ ಉತ್ತರಗಳು ತಮ್ಮ ತಮ್ಮ ಮಟ್ಟಿಗೆ ನಿಜವಾಗಿಯೇ ಇರುತ್ತವೆ. ಆದರೆ ಈ ಪ್ರಶ್ನೆಯು ಕೇಳತಕ್ಕವುಗಳಲ್ಲಿ ಮೊದಲನೆಯದಲ್ಲ, ಕೊನೆಯದು ಎಂಬುದೇ ಈ ಲೇಖನದ ಪ್ರತಿಪಾದ್ಯ ವಿಷಯ. ಗಾಡಿಯು ಇನ್ನು ಮುಂದೆ ಯಾವ ನೆಲದಲ್ಲಿ ಯಾವ ಕೆಲಸವನ್ನು ಮಾಡಬೇಕಾಗಿದೆ, ಅದರ ಗೇರು ಮತ್ತು ಆಕ್ಸಲ್ಲುಗಳು ಎಷ್ಟು ಬಲವನ್ನು ತಾಳಬಲ್ಲವು, ಬಾನೆಟ್ಟಿನ ಕೆಳಗೆ ಎಷ್ಟು ಅಂಗುಲ ಸ್ಥಳವಿದೆ, ಬ್ರೇಕು ಯಾವುದರ ಬಲದಿಂದ ಹಿಡಿಯುತ್ತದೆ, ಕಾನೂನು ಏನು ಹೇಳುತ್ತದೆ ಎಂಬಿಷ್ಟನ್ನು ಕಾಗದದ ಮೇಲೆ ಬರೆದು ಮುಗಿಸಿದವನಿಗೆ ಎಂಜಿನ್ನಿನ ಹೆಸರು ತಾನಾಗಿಯೇ ಹೊಳೆಯುತ್ತದೆ. ಹಾಗೆ ಬರೆಯದೆ ಎಂಜಿನ್ನನ್ನು ಮೊದಲು ಕೊಂಡುತಂದವನ ಗಾಡಿಯು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಬಿಚ್ಚಿದ ಸ್ಥಿತಿಯಲ್ಲಿ ನಿಂತಿರುವುದನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು.

ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ ಕೂಡಿಸುವುದು ನಮ್ಮ ಕಾಲದ ಹೊಸ ಹವ್ಯಾಸವೆಂದು ಭಾವಿಸುವವರಿದ್ದಾರೆ. ವಾಸ್ತವವಾಗಿ ಇಂಗ್ಲೆಂಡಿನ ಪೀಟರ್‌ಬರೋ ನಗರದಲ್ಲಿ 1932ರಲ್ಲಿ ಫ್ರಾಂಕ್ ಪರ್ಕಿನ್ಸ್ ಸ್ಥಾಪಿಸಿದ ಸಂಸ್ಥೆಯ ಆರಂಭದ ವ್ಯಾಪಾರದಲ್ಲಿ ದೊಡ್ಡ ಪಾಲು ಇದೇ ಆಗಿತ್ತು: ಆಗಿನ ಡೀಸೆಲ್ ಎಂಜಿನ್ನುಗಳೆಲ್ಲ ಭಾರವಾಗಿ ಮಂದಗತಿಯವಾಗಿದ್ದ ಕಾಲದಲ್ಲಿ, ಪೆಟ್ರೋಲ್ ಲಾರಿಯ ಎಂಜಿನ್ನನ್ನು ಎತ್ತಿ ಅದೇ ಸ್ಥಳದಲ್ಲಿ ಕೂಡಿಸಬಹುದಾದ ಹಗುರ ಡೀಸೆಲ್ಲನ್ನು ರಚಿಸುವುದು. 1937ರಲ್ಲಿ ಬಂದ ಅವರ ಪಿ-6 ಎಂಜಿನ್ನು, 4.73 ಲೀಟರಿನ ಗಾತ್ರವೂ 83 ಅಶ್ವಶಕ್ತಿಯೂ ಉಳ್ಳದ್ದು, ಲೋಕದ ನಾನಾ ಭಾಗಗಳಲ್ಲಿ ಪೆಟ್ರೋಲ್ ಲಾರಿಗಳ ಒಡಲನ್ನು ಹೊಕ್ಕಿತು. ಸ್ವಾತಂತ್ರ್ಯಾನಂತರ ಮದರಾಸಿನ ಸಿಂಪ್ಸನ್ ಸಂಸ್ಥೆಯು ಪರ್ಕಿನ್ಸ್ ಎಂಜಿನ್ನುಗಳನ್ನು ಇಲ್ಲಿಯೇ ತಯಾರಿಸತೊಡಗಿದ ಮೇಲೆ, ಡಾಜ್, ಫಾರ್ಗೋ, ಬೆಡ್‌ಫರ್ಡ್ ಲಾರಿಗಳಿಗೆ 'ಪರ್ಕಿನ್ಸ್ ಕೂಡಿಸುವುದು' ದಕ್ಷಿಣ ಭಾರತದ ಗ್ಯಾರೇಜುಗಳ ನಿತ್ಯದ ಕಸುಬಾಯಿತು. ಅದಕ್ಕೂ ಹಿಂದೆ, ಯುದ್ಧಕಾಲದ ಪೆಟ್ರೋಲ್ ಅಭಾವದಲ್ಲಿ, ಬೆನ್ನಿಗೆ ಕುಲುಮೆಯನ್ನು ಕಟ್ಟಿಕೊಂಡು ಇದ್ದಿಲ ಅನಿಲದಿಂದ ಓಡಿದ ಬಸ್ಸುಗಳನ್ನು ಕಂಡ ಹಿರಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಇನ್ನೂ ಹೆಚ್ಚಿನ ಪ್ರಮಾಣವೆಂದರೆ ಸ್ವತಃ ಜಬಲ್ಪುರದ ಕಾರ್ಖಾನೆಯದು: 1996ರಲ್ಲಿ ನಾಗರಿಕರಿಗೆ ಜೋಂಗಾವನ್ನು ಮಾರುವ ಪ್ರಯತ್ನವನ್ನು ಮಾಡಿದಾಗ ಆ ಕಾರ್ಖಾನೆಯವರೇ ಪೆಟ್ರೋಲ್ ಎಂಜಿನ್ನನ್ನು ಬಿಟ್ಟು ಹಿನೊ ಡೀಸೆಲ್ಲನ್ನು ಅದಕ್ಕೆ ಅಳವಡಿಸಿದರು. ಗ್ಯಾರೇಜಿನ ಮಿಸ್ತ್ರಿಗಳು ಮಾಡುತ್ತಿದ್ದುದನ್ನು ಕಾರ್ಖಾನೆಯು ಒಪ್ಪಿಕೊಂಡಂತಾಯಿತು.

ಡೀಸೆಲ್ಲಿನ ಆಕರ್ಷಣೆಗೆ ಕಾರಣವು ಸ್ಪಷ್ಟವಾಗಿದೆ. ಯುದ್ಧಕಾಲದ ಪೆಟ್ರೋಲ್ ಎಂಜಿನ್ನುಗಳಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವು ತನ್ನ ಮೂಲಗಾತ್ರದ ಆರನೆಯ ಅಥವಾ ಏಳನೆಯ ಒಂದು ಪಾಲಿಗೆ ಮಾತ್ರ ಅದುಮಲ್ಪಡುತ್ತದೆ. ಡೀಸೆಲ್ಲಿನಲ್ಲಿ ಬರಿಯ ಗಾಳಿಯು ಹದಿನಾರನೆಯ ಒಂದು ಪಾಲಿಗೋ ಇನ್ನೂ ಕಿರಿದಾಗಿಯೋ ಅದುಮಲ್ಪಟ್ಟು, ಆ ಅದುಮುವಿಕೆಯಿಂದಲೇ ಕಾದು, ಸಿಂಪಡಿಸಿದ ಇಂಧನವನ್ನು ಕಿಡಿಯ ಸಹಾಯವಿಲ್ಲದೆ ಹೊತ್ತಿಸುತ್ತದೆ. ಈ ಹೆಚ್ಚಿನ ಅದುಮುವಿಕೆಯೇ ಇಂಧನದ ಉಳಿತಾಯಕ್ಕೂ, ಕಡಿಮೆ ವೇಗದಲ್ಲಿ ದೊರೆಯುವ ಗಟ್ಟಿ ಎಳೆತಕ್ಕೂ, ಅದರೊಡನೆ ಬರುವ ತೂಕ, ನಡುಕ, ಸದ್ದುಗಳಿಗೂ ಮೂಲ. ಲೀಟರಿಗೆ ನಾಲ್ಕು ಕಿಲೋಮೀಟರ್ ಓಡುವುದಕ್ಕೂ ಹೆಣಗುವ ಪೆಟ್ರೋಲ್ ಲಾರಿಯೊಂದು ಡೀಸೆಲ್ಲಿನಿಂದ ಅದರ ಎರಡರಷ್ಟು ಓಡಿದರೆ ಒಡೆಯನಿಗೆ ಸಂತೋಷವಾಗುವುದು ಸಹಜವೇ. ಆದರೆ ತಿಂಗಳಿಗೆ ನೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಗೆ ಈ ಉಳಿತಾಯದಿಂದ ಬದಲಾವಣೆಯ ವೆಚ್ಚವು ಎಷ್ಟು ವರ್ಷಗಳಲ್ಲಿ ಹಿಂದಿರುಗುವುದೆಂದು ಮೊದಲೇ ಗುಣಿಸಿ ನೋಡತಕ್ಕದ್ದು. ಬಹಳ ಸಲ ಆ ಲೆಕ್ಕವು ಹಳೆಯ ಎಂಜಿನ್ನನ್ನೇ ಬಿಚ್ಚಿ ಸರಿಪಡಿಸುವುದು ಲೇಸೆಂದು ತೋರಿಸಿಕೊಡುತ್ತದೆ.

ಇನ್ನು ನೆಲ ಮತ್ತು ಕೆಲಸದ ವಿಚಾರ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳು ಒಂದರ ಪಕ್ಕದಲ್ಲಿ ಒಂದಿದ್ದರೂ, ಲಾರಿಯ ಗಾಲಿಯು ಅನುಭವಿಸುವ ನೆಲವು ನಾಲ್ಕರಲ್ಲಿಯೂ ಒಂದೇ ಅಲ್ಲ. ಕದಂಬರ ಶಾಖೆಯೊಂದು ಆಳಿದ, ತಾರಕೇಶ್ವರನ ಗುಡಿಯುಳ್ಳ ಹಾನಗಲ್ಲ ಅರೆಮಲೆನಾಡು. ಪಶ್ಚಿಮಕ್ಕೆ ಮುಂಡಗೋಡದ ಕಡೆ ಕಾಡು, ಈಚೆಗೆ ಭತ್ತದ ಗದ್ದೆ, ಮಳೆಗಾಲದಲ್ಲಿ ಮೊಣಕಾಲುದ್ದದ ಕೆಸರು. ಇಲ್ಲಿ ನಾಟಾ ಎಳೆಯುವುದಕ್ಕೋ ಗೊಬ್ಬರ ಹೇರುವುದಕ್ಕೋ ಬಳಸುವ ನಾಲ್ಕು ಗಾಲಿ ಎಳೆತದ ಗಾಡಿಗೆ ವೇಗದಿಂದ ಪ್ರಯೋಜನವಿಲ್ಲ. ನಿಮಿಷಕ್ಕೆ ಸಾವಿರದಿಂದ ಒಂದೂವರೆ ಸಾವಿರ ಸುತ್ತುಗಳ ನಡುವೆ, ಆಕ್ಸಿಲರೇಟರನ್ನು ಮೆಟ್ಟದೆಯೇ, ಕೆಸರಿನಿಂದ ಮೆಲ್ಲಮೆಲ್ಲನೆ ಎದ್ದು ಬರುವ ಎಂಜಿನ್ ಬೇಕು. ಕೆಸರಿನಲ್ಲಿ ಸಿಕ್ಕ ಗಾಡಿಯ ಎಂಜಿನ್ನು ಮೂರು ಸಾವಿರ ಸುತ್ತು ಅಬ್ಬರಿಸಿದರೆ ಗಾಲಿಯು ತಾನು ನಿಂತ ಕುಣಿಯನ್ನೇ ಆಳಗೊಳಿಸುತ್ತದೆ. ಶಿಗ್ಗಾಂವಿಯ ವಿಷಯ ಬೇರೆ. ಅದು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಇಂಥ ಹೆದ್ದಾರಿಗಳ ಬದಿಯಲ್ಲಿ ಹಳೆಯ ಮಿಲಿಟರಿ ಚಾಸಿಗಳು ಅಪಘಾತಕ್ಕೀಡಾದ ಲಾರಿಗಳನ್ನೆತ್ತುವ ಕ್ರೇನುಗಳಾಗಿ ಬಾಳುವುದು ದೇಶದುದ್ದಕ್ಕೂ ಕಾಣುವ ಸಂಗತಿ. ಮೂತಿಯ ಮೇಲೆ ಭಾರ ಹೆಚ್ಚಾದರೂ ಕ್ರೇನಿಗೆ ಅದು ದೋಷವಲ್ಲ, ಹಿಂದೆ ತೂಗುವ ಭಾರಕ್ಕೆ ಪ್ರತಿಭಾರವಾಗಿ ಅದು ಗುಣವೇ ಆಗುತ್ತದೆ. ಹಾಗಾಗಿ ಅಲ್ಲಿ ಲಾರಿಯ ದೊಡ್ಡ ಎಂಜಿನ್ನಿಗೆ ಸ್ಥಾನವುಂಟು. ಸವಣೂರಿನ ಎರೆಭೂಮಿಯಲ್ಲಿ, ಮಳೆ ಬಿದ್ದ ಮರುದಿನ, ಭಾರವಾದ ಮೂತಿಯ ಗಾಡಿಯು ಮುಂಗಾಲಿಗಳನ್ನು ಹೂತುಕೊಂಡು ಕುಳಿತುಬಿಡುತ್ತದೆ. ಅಲ್ಲಿ ಹಗುರವಾದ ನಾಲ್ಕು ಸಿಲಿಂಡರಿನ ಎಂಜಿನ್ನೇ ವಿವೇಕದ ಆಯ್ಕೆ. ಹಿರೇಕೆರೂರಿನ ಗೋವಿನಜೋಳದ ಸಾಗಣೆಗೆ ಏರಿಳಿತದ ರಸ್ತೆಯೂ ಹೊಲದ ದಾರಿಯೂ ಎರಡೂ ಇರುವುದರಿಂದ ಮಧ್ಯಮ ಮಾರ್ಗವು ಸಾಕು.

ಕೆಲಸವು ನಿಶ್ಚಯವಾದ ಮೇಲೆ ಬರುವುದು ಗೇರಿನ ಲೆಕ್ಕ. ಮತ್ತು ಈ ಲೆಕ್ಕವನ್ನು ಬಿಟ್ಟವರೇ ಹೆಚ್ಚಾಗಿ ಪಶ್ಚಾತ್ತಾಪಪಡುವವರು. ಪೆಟ್ರೋಲ್ ಎಂಜಿನ್ನು ಬೇಗ ತಿರುಗುತ್ತದೆ, ಆದುದರಿಂದ ಅದರ ಗಾಡಿಯ ಆಕ್ಸಲ್ಲಿನಲ್ಲಿ ತಿರುಗುವಿಕೆಯನ್ನು ಬಹಳವಾಗಿ ಇಳಿಸುವ ಕ್ರೌನ್-ಪಿನಿಯನ್ ಇರುತ್ತದೆ. ಜಿಎಂಸಿಯ ಯುದ್ಧಕಾಲದ ಲಾರಿಯಲ್ಲಿ ಈ ಅನುಪಾತವು 6.6. ಲೆಕ್ಕಕ್ಕೆ ಅನುಕೂಲವಾಗಲೆಂದು, ಮೇಲಿನ ಗೇರಿನಲ್ಲಿ ಎಂಜಿನ್ನು ಆರೂವರೆ ಸುತ್ತು ತಿರುಗಿದಾಗ ಗಾಲಿಯು ಒಂದು ಸುತ್ತು ತಿರುಗುತ್ತದೆಂದೂ, ಗಾಲಿಯು ಒಂದು ಸುತ್ತಿಗೆ 2.8 ಮೀಟರ್ ಉರುಳುತ್ತದೆಂದೂ ಇಟ್ಟುಕೊಳ್ಳೋಣ. ನಿಮಿಷಕ್ಕೆ 3000 ಸುತ್ತು ತಿರುಗುವ ಪೆಟ್ರೋಲ್ ಎಂಜಿನ್ನಿನಿಂದ ಈ ಗಾಡಿಯು ಗಂಟೆಗೆ ಸುಮಾರು 77 ಕಿಲೋಮೀಟರ್ ಹೋಗುತ್ತದೆ. ಅದೇ ಸ್ಥಾನದಲ್ಲಿ, 2400 ಸುತ್ತಿಗೇ ಕೊನೆಮುಟ್ಟುವ ಲಾರಿಯ ಡೀಸೆಲ್ಲನ್ನು ಕೂಡಿಸಿದರೆ ಪರಮಾವಧಿ ವೇಗವು 62ಕ್ಕೆ ಇಳಿಯುತ್ತದೆ. ದಿನವಿಡೀ ಓಡಿಸಬಹುದಾದ 2000 ಸುತ್ತಿನಲ್ಲಿ ಅದು 52 ಮಾತ್ರ. ಹಾನಗಲ್ಲಿನ ಗದ್ದೆಗೆ ಇಷ್ಟು ಸಾಕಾಗಿ ಉಳಿಯುತ್ತದೆ. ಶಿಗ್ಗಾಂವಿಯ ಹೆದ್ದಾರಿಯಲ್ಲಿ, ಪಕ್ಕದಲ್ಲಿ ನೂರರ ವೇಗದಿಂದ ಬಸ್ಸುಗಳು ಹಾಯುತ್ತಿರುವಾಗ, ಇದು ಅಪಾಯಕ್ಕೆ ಎಡೆಮಾಡುತ್ತದೆ. ಆಗ ಓವರ್‌ಡ್ರೈವ್ ಉಳ್ಳ ಐದು ಗೇರಿನ ಡಬ್ಬಿಯನ್ನು ಎಂಜಿನ್ನಿನೊಡನೆಯೇ ತರಬೇಕು, ಇಲ್ಲವೆ ಹೆಚ್ಚು ಸುತ್ತು ತಿರುಗುವ ಚಿಕ್ಕ ಡೀಸೆಲ್ಲನ್ನು ಆರಿಸಬೇಕು.

ಇದೇ ಲೆಕ್ಕದ ಇನ್ನೊಂದು ಮುಖವು ಬಲದ್ದು. ಜಿಎಂಸಿಯ ಮೂಲ ಎಂಜಿನ್ನಿನ ತಿರುಚುಬಲವು ಸುಮಾರು 30 ಕಿಲೋಗ್ರಾಂ-ಮೀಟರ್. ಟಾಟಾದ 697 ಎಂಜಿನ್ನಿನದು 36ರ ಆಸುಪಾಸು. ಆರು ಕಿಲೋ ಎಂಬ ವ್ಯತ್ಯಾಸವು ಅಲ್ಪವೆಂದು ತೋರಬಹುದು. ಆದರೆ ಮೊದಲನೆಯ ಗೇರಿನಲ್ಲಿ, ಟ್ರಾನ್ಸ್‌ಫರ್ ಡಬ್ಬಿಯನ್ನು 'ಲೋ'ದಲ್ಲಿಟ್ಟಾಗ, ಗೇರು, ಟ್ರಾನ್ಸ್‌ಫರ್ ಮತ್ತು ಆಕ್ಸಲ್ ಮೂರರ ಅನುಪಾತಗಳು ಒಂದನ್ನೊಂದು ಗುಣಿಸಿ ಎಂಜಿನ್ನಿನ ಬಲವು ಗಾಲಿಯಲ್ಲಿ ನೂರು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಅಂದರೆ ಆ ಆರು ಕಿಲೋ ಆರುನೂರಾಗಿ, ಎಂಬತ್ತು ವರ್ಷ ಹಳೆಯದಾದ ಆಕ್ಸಲ್ ಶಾಫ್ಟುಗಳ ಮೇಲೆ ಎರಗುತ್ತದೆ. ಡೀಸೆಲ್ಲಿನ ಬಲವು ಪೆಟ್ರೋಲಿನಂತೆ ಹಂತಹಂತವಾಗಿ ಏರದೆ, ಕ್ಲಚ್ಚು ಬಿಟ್ಟೊಡನೆ ಬರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ನೊಗದ ಒಂದು ಕಡೆಗೆ ಎತ್ತರದ ಎಳೆಯ ಹೋರಿಯನ್ನೂ ಇನ್ನೊಂದು ಕಡೆಗೆ ಮುದಿ ಎತ್ತನ್ನೂ ಕಟ್ಟಿದರೆ ಕುತ್ತಿಗೆ ನೋಯುವುದು ಮುದಿ ಎತ್ತಿಗೇ ಎಂಬುದು ಹಾವೇರಿ ಸೀಮೆಯ ರೈತನಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಪಂಪಿನಲ್ಲಿ ಇಂಧನದ ಪ್ರಮಾಣವನ್ನು ಸ್ವಲ್ಪ ಇಳಿಸಿ, ದೊಡ್ಡ ಎಂಜಿನ್ನನ್ನು ಸೌಮ್ಯವಾಗಿ ದುಡಿಸಿಕೊಳ್ಳುವ ಜಾಣತನವನ್ನು ಅನುಭವಿಗಳಾದ ಪಂಪ್-ನಾಝಲ್ ಕೆಲಸದವರು ಬಲ್ಲರು; ಅದು ನನಗೆ ಬಹಳ ಒಪ್ಪಿಗೆಯಾದ ಕ್ರಮ.

ಅಳತೆಯ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಮತ್ತು ಎಲ್ಲರೂ ಕೊನೆಗೆ ನೆನೆಯುವಂಥದು, ಎಂಜಿನ್ನಿನ ಕೆಳಗಿನ ಎಣ್ಣೆಯ ತೊಟ್ಟಿ, ಗ್ಯಾರೇಜಿನ ಮಾತಿನಲ್ಲಿ 'ಚೇಂಬರ್'. ಸಾಮಾನ್ಯ ಲಾರಿಯಲ್ಲಿ ಮುಂದಿನ ಆಕ್ಸಲ್ಲು ಬರಿಯ ತೊಲೆ. ಫೋರ್ ವೀಲ್ ಗಾಡಿಯಲ್ಲಿ ಅದರ ನಡುವೆಯೋ ಒಂದು ಪಕ್ಕಕ್ಕೋ ದೊಡ್ಡ ಡಿಫರೆನ್ಷಿಯಲ್ ಗುಂಡು ಕುಳಿತಿರುತ್ತದೆ, ಮತ್ತು ಗಾಲಿಯು ಕಲ್ಲಿನ ಮೇಲೆ ಹತ್ತಿದಾಗ ಆ ಗುಂಡು ಪಾಟಾಗಳ ಬಾಗುವಿಕೆಯೊಡನೆ ಮೇಲಕ್ಕೇಳುತ್ತದೆ. ಶೆಡ್ಡಿನ ಸಮತಟ್ಟಾದ ನೆಲದ ಮೇಲೆ ನಿಂತ ಗಾಡಿಯಲ್ಲಿ ನಾಲ್ಕು ಬೆರಳಿನ ಎಡೆಯು ಕಾಣಿಸಿ, "ಸಾಕು, ಕೂಡ್ತೈತಿ" ಎಂದು ಎಂಜಿನ್ನನ್ನು ಬಿಗಿದ ಮೇಲೆ, ಹೊಲದ ಬದುವನ್ನು ದಾಟುವ ಮೊದಲನೆಯ ದಿನವೇ ಚೇಂಬರ್ ಒಡೆದು ಎಣ್ಣೆಯೆಲ್ಲ ಮಣ್ಣುಪಾಲಾಗುವುದುಂಟು. ಬಲ್ಲ ಮಿಸ್ತ್ರಿಯು ಇದನ್ನು ಬೇರೆ ರೀತಿಯಾಗಿ ನೋಡುತ್ತಾನೆ. ಖಾಲಿ ಎಂಜಿನ್ ಬ್ಲಾಕನ್ನು ಸರಪಳಿಯಿಂದ ಅದರ ಸ್ಥಾನದಲ್ಲಿ ತೂಗುಹಾಕಿ, ಚೇಂಬರಿನ ತಳಕ್ಕೆ ಮುಷ್ಟಿಯಷ್ಟು ಹದವಾದ ಜೇಡಿಮಣ್ಣನ್ನು ಮೆತ್ತಿ, ಆಕ್ಸಲ್ಲಿನ ಒಂದು ತುದಿಗೆ ಜಾಕು ಕೊಟ್ಟು, ರಬ್ಬರಿನ ತಡೆಗೆ ತಾಗುವವರೆಗೂ ಮೇಲಕ್ಕೆತ್ತುತ್ತಾನೆ. ಅನಂತರ ಇನ್ನೊಂದು ತುದಿಯನ್ನು. ಅನಂತರ ಎರಡನ್ನೂ ಒಟ್ಟಿಗೆ. ಕೆಳಗಿಳಿಸಿದ ಮೇಲೆ ಅಪ್ಪಚ್ಚಿಯಾದ ಜೇಡಿಯನ್ನು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ಅದರ ದಪ್ಪವನ್ನು ಅಳೆಯುತ್ತಾನೆ. ಅತ್ಯಂತ ತೆಳುವಾದ ಕಡೆಯಲ್ಲಿ ಅದು ಒಂದು ಅಂಗುಲಕ್ಕಿಂತ ಕಡಿಮೆಯಿದ್ದರೆ, ಎಂಜಿನ್ನನ್ನು ಹಿಂದಕ್ಕೆ ಸರಿಸಬೇಕು, ಅಥವಾ ಎಣ್ಣೆಯ ಗುಂಡಿಯು ಹಿಂಭಾಗದಲ್ಲಿರುವ ಚೇಂಬರನ್ನು ಹುಡುಕಬೇಕು, ಅಥವಾ ಚೇಂಬರನ್ನು ಕೊಯ್ದು ಬೆಸೆದು, ಅದರೊಡನೆ ಎಣ್ಣೆ ಹೀರುವ ಕೊಳವೆಯ ಸ್ಥಾನವನ್ನೂ ಬದಲಿಸಬೇಕು. ಎಂಜಿನ್ನನ್ನು ಮೇಲೆತ್ತಿಬಿಡೋಣವೆಂಬುದು ಸುಲಭದ ಉಪಾಯವಾಗಿ ಕಂಡರೂ, ಅದರಿಂದ ಪ್ರೊಪೆಲ್ಲರ್ ಶಾಫ್ಟಿನ ಓರೆಯು ಹೆಚ್ಚಿ ಯು-ಜಾಯಿಂಟುಗಳು ಬೇಗ ಸವೆಯುತ್ತವೆ, ಬಾನೆಟ್ಟು ಮುಚ್ಚುವುದಿಲ್ಲ.

ಎಂಜಿನ್ನಿಗೂ ಹಳೆಯ ಗೇರ್‌ಬಾಕ್ಸಿಗೂ ನಡುವೆ ಕೂಡಿಸುವ ತಗಡಿನ ಕೆಲಸವು ಇಷ್ಟೇ ಸೂಕ್ಷ್ಮವಾದುದು. ಬೆಲ್ ಹೌಸಿಂಗಿನ ಮುಖಕ್ಕೆ ದಪ್ಪ ರಟ್ಟನ್ನು ಒತ್ತಿ, ಅಂಚಿನುದ್ದಕ್ಕೂ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ, ಪ್ರತಿಯೊಂದು ಬೋಲ್ಟಿನ ತೂತೂ ರಟ್ಟಿನ ಮೇಲೆ ಸ್ವಚ್ಛವಾದ ವೃತ್ತವಾಗಿ ಕತ್ತರಿಸಿಕೊಳ್ಳುತ್ತದೆ. ಎಂಜಿನ್ನಿನ ಹಿಂಬದಿಯಿಂದಲೂ ಇಂಥದೇ ರಟ್ಟನ್ನು ತೆಗೆದು, ಎರಡನ್ನೂ ಒಂದರ ಮೇಲೊಂದಿಟ್ಟು, ಯಾವ ಬೋಲ್ಟು ಯಾವುದಕ್ಕೆ ಅಡ್ಡಬರುತ್ತದೆಂದು ನೋಡಬಹುದು. ಈ ರಟ್ಟು ತೂತಿನ ಸ್ಥಾನವನ್ನು ಹೇಳುತ್ತದೆ, ಕೇಂದ್ರವನ್ನು ಹೇಳಲಾರದು. ಕ್ರ್ಯಾಂಕ್ ಶಾಫ್ಟಿನ ನಡುಬಿಂದುವೂ ಗೇರ್‌ಬಾಕ್ಸಿನ ಒಳಶಾಫ್ಟಿನ ನಡುಬಿಂದುವೂ ಒಂದೇ ಸರಳರೇಖೆಯಲ್ಲಿರಬೇಕು, ಮತ್ತು ಅಲ್ಲಿ ಕ್ಷಮಾರ್ಹವಾದ ತಪ್ಪು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಇದನ್ನು ನೋಡುವುದಕ್ಕೆ ಫ್ಲೈವೀಲಿಗೆ ಡಯಲ್ ಗೇಜನ್ನು ಕಚ್ಚಿಸಿ, ಅದರ ಮುಳ್ಳನ್ನು ಹೌಸಿಂಗಿನ ತೂತಿನ ಒಳಗೋಡೆಗೆ ತಾಗಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ಸಾವಕಾಶವಾಗಿ ತಿರುಗಿಸಬೇಕು. ಇಷ್ಟನ್ನು ಮಾಡದೆ ಬಿಗಿದ ಗಾಡಿಯಲ್ಲಿ ಪೈಲಟ್ ಬೇರಿಂಗು ಕೂಗತೊಡಗುತ್ತದೆ, ಕ್ಲಚ್ ಪ್ಲೇಟಿನ ನಡುಭಾಗವು ಹರಿಯುತ್ತದೆ, ಮೇಲಿನ ಗೇರು ತಾನಾಗಿ ಜಾರುತ್ತದೆ. ಮತ್ತು ಈ ಕಾಯಿಲೆಗಳಿಗೆಲ್ಲ ಕಾರಣವು ಕಳಪೆ ಬೇರಿಂಗೆಂದು ಭಾವಿಸಿ ಒಡೆಯನು ವರ್ಷಕ್ಕೆರಡು ಸಲ ಬೇರಿಂಗನ್ನು ಬದಲಿಸುತ್ತ ಹೋಗುತ್ತಾನೆ. ಲೇತಿನವನಿಗೆ ಹೆಚ್ಚಾಗಿ ಕೊಟ್ಟ ಹಣದಲ್ಲಿ ಇದಕ್ಕೆ ಕೊಟ್ಟದ್ದೇ ಸಾರ್ಥಕವಾದುದು.

ಬ್ರೇಕಿನ ವಿಷಯವನ್ನು ನಾನು ಒತ್ತಿ ಹೇಳಬೇಕೆಂದಿದ್ದೇನೆ, ಏಕೆಂದರೆ ಇದು ಪ್ರಾಣದ ಪ್ರಶ್ನೆ. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರನ್ನು ಬಿಟ್ಟಾಗ ಗಾಳಿಯ ಬಾಗಿಲು ಮುಚ್ಚಿಕೊಂಡು, ಒಳಗೆ ಹೀರುಗೊಳವೆಯಲ್ಲಿ ನಿರ್ವಾತವು ಉಂಟಾಗುತ್ತದೆ. ಯುದ್ಧಕಾಲದ ಅನೇಕ ಲಾರಿಗಳು, ಜಿಎಂಸಿಯೂ ಸೇರಿ, ಈ ನಿರ್ವಾತದ ಬಲವನ್ನೇ ಬ್ರೇಕಿನ ಸಹಾಯಕ್ಕೆ ಬಳಸಿಕೊಂಡಿವೆ. ಡೀಸೆಲ್ಲಿನಲ್ಲಿ ಅಂಥ ಬಾಗಿಲೇ ಇರುವುದಿಲ್ಲ, ಆದುದರಿಂದ ಆ ನಿರ್ವಾತವೂ ಇರುವುದಿಲ್ಲ. ಹಳೆಯ ಕೊಳವೆಯನ್ನು ಹೊಸ ಎಂಜಿನ್ನಿಗೆ ಸಿಕ್ಕಿಸಿ, ಪೆಡಲ್ಲು ಸ್ವಲ್ಪ ಗಟ್ಟಿಯಾಯಿತೆಂದು ಸಮಾಧಾನಪಟ್ಟುಕೊಂಡವನು, ಭಾರ ಹೇರಿ ಇಳಿಜಾರಿನಲ್ಲಿ ಬರುವಾಗ ಎರಡೂ ಪಾದಗಳಿಂದ ಮೆಟ್ಟಿದರೂ ಗಾಡಿಯು ನಿಲ್ಲದಿರುವುದನ್ನು ಕಾಣುತ್ತಾನೆ. ಆಲ್ಟರ್ನೇಟರಿನ ಬೆನ್ನಿಗೆ ವ್ಯಾಕ್ಯೂಮ್ ಪಂಪು ಇರುವ ಎಂಜಿನ್ನನ್ನೇ ಆರಿಸುವುದು, ಅಥವಾ ಏರ್ ಕಂಪ್ರೆಸರ್ ಉಳ್ಳ ಲಾರಿಯ ಎಂಜಿನ್ನಾದರೆ ಬ್ರೇಕನ್ನೂ ಗಾಳಿಯ ಪದ್ಧತಿಗೆ ಒಗ್ಗಿಸುವುದು, ಇವೆರಡರಲ್ಲೊಂದು ಯೋಜನೆಯ ಮೊದಲನೆಯ ಪುಟದಲ್ಲಿಯೇ ಬರೆಯಲ್ಪಟ್ಟಿರಬೇಕು.

ಉಳಿದ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಯುದ್ಧಕಾಲದ ಅಮೆರಿಕದ ಲಾರಿಗಳ ವಿದ್ಯುತ್ತು ಬಹುಮಟ್ಟಿಗೆ ಆರು ವೋಲ್ಟಿನದು. ಡೀಸೆಲ್ಲಿನ ಬಿಗಿಯಾದ ಅದುಮುವಿಕೆಯನ್ನು ತಿರುಗಿಸುವ ಸೆಲ್ಫಿಗೆ ಹನ್ನೆರಡು ಅಥವಾ ಇಪ್ಪತ್ನಾಲ್ಕು ವೋಲ್ಟು ಬೇಕಾಗುವುದರಿಂದ ಬಲ್ಬು, ಗೇಜು, ತಂತಿಗಳೆಲ್ಲವೂ ಬದಲಾಗಬೇಕು. ಕೀಲಿ ತಿರುಗಿಸಿದ ಮಾತ್ರಕ್ಕೆ ಹಳೆಯ ಡೀಸೆಲ್ಲು ನಿಲ್ಲದು, ಇಂಧನವನ್ನು ತಡೆಯುವ ಸ್ಟಾಪ್ ಕೇಬಲ್ಲು ಚಾಲಕನ ಕೈಗೆಟಕುವಂತೆ ಇರಬೇಕು. ಪೆಟ್ರೋಲಿಗೆ ಒಂದೇ ಕೊಳವೆ ಸಾಕಾಗಿತ್ತು. ಡೀಸೆಲ್ಲಿಗೆ ಹಿಂದಿರುಗುವ ಕೊಳವೆಯೊಂದು ಹೆಚ್ಚು, ಮತ್ತು ದಶಕಗಳ ತುಕ್ಕು ಕೂತ ಟಾಕಿಯನ್ನು ಒಳಗಿನಿಂದ ತೊಳೆಯದೆ ಬಳಸಿದರೆ ಹೊಸ ಪಂಪಿನ ಆಯುಷ್ಯವು ಒಂದು ಮಳೆಗಾಲವನ್ನೂ ದಾಟದು. ಡೀಸೆಲ್ಲಿನ ನೀರು ಪೆಟ್ರೋಲಿನ ಎಂಜಿನ್ನಿನಷ್ಟು ಕಾಯುವುದಿಲ್ಲವಾದರೂ, ಫ್ಯಾನು ರೇಡಿಯೇಟರಿನ ನಡುವಿಗೆ ಎದುರಾಗಿರದೆ ಒಂದು ಗೇಣು ಕೆಳಗೋ ಬದಿಗೋ ಬಿದ್ದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದು ಕುದಿಯದೆ ಬಿಡದು. ಮೂಲ ಚಾಸಿಯ ಉದ್ದತೊಲೆಗೆ, ಎಂಜಿನ್ ಮೌಂಟಿಂಗಿನ ಬ್ರಾಕೆಟ್ಟುಗಳನ್ನು ಬೋಲ್ಟಿನಿಂದಲೇ ಕೂಡಿಸತಕ್ಕದ್ದು. ಅಡ್ಡಲಾಗಿ ವೆಲ್ಡಿಂಗ್ ಹೊಡೆದ ಕಡೆಯಲ್ಲಿಯೇ ಮುಂದೆ ಸೀಳು ಹುಟ್ಟುವುದು.

ಇಷ್ಟೆಲ್ಲವನ್ನೂ ಬರೆದಾದ ಮೇಲೆ ಎಂಜಿನ್ನಿನ ಹೆಸರಿಗೆ ಬರೋಣ. 1954ರಲ್ಲಿ ಜಮ್ಶೆಡ್‌ಪುರದಲ್ಲಿ ಟಾಟಾ ಮತ್ತು ಡೈಮ್ಲರ್-ಬೆಂಜ್ ಸಹಯೋಗದ ಲಾರಿಯು ಹೊರಟಂದಿನಿಂದ ಆ ವಂಶದ ಎಂಜಿನ್ನುಗಳು ಹಳ್ಳಿಹಳ್ಳಿಯ ಮಿಸ್ತ್ರಿಗೂ ಕರತಲಾಮಲಕವಾಗಿವೆ. 692 ಮತ್ತು 697 ಎಂಬ ಅಂಕಿಗಳಲ್ಲಿ ಮೊದಲನೆಯದು ಆರು ಸಿಲಿಂಡರು, ಉಳಿದೆರಡು ಸಿಲಿಂಡರಿನ ವ್ಯಾಸವು 92 ಅಥವಾ 97 ಮಿಲಿಮೀಟರ್ ಎಂಬುದನ್ನು ಸೂಚಿಸುತ್ತವೆ. 5675 ಸಿಸಿಯ 697, ಹಾಗೂ ಅಶೋಕ್ ಲೇಲ್ಯಾಂಡಿನ ಆರು ಲೀಟರಿನ 370, ಇವೆರಡೂ ಕ್ರೇನಿಗೆ, ಎರಡೂವರೆ ಟನ್ನಿನ ಲಾರಿಗೆ, ಬಿಡಿಭಾಗ ದೊರೆಯದೆ ನಿಂತ ಶಕ್ತಿಮಾನಿಗೆ ಯೋಗ್ಯವಾದವು. ನಾನೂರು ಕಿಲೋಗ್ರಾಮನ್ನು ಮೀರುವ ಈ ಎಂಜಿನ್ನುಗಳನ್ನು ಡಾಜ್ ಅಥವಾ ನಿಸ್ಸಾನಿನ ಮೂತಿಯಲ್ಲಿ ಕೂಡಿಸುವುದನ್ನು ನಾನು ಒಪ್ಪಲಾರೆ. ಮುಂದಿನ ಪಾಟಾಗಳು ಚಪ್ಪಟೆಯಾಗಿ ಸ್ಟೇರಿಂಗು ಕಲ್ಲಿನಂತಾಗುತ್ತದೆ. ಆ ಮಟ್ಟದ ಗಾಡಿಗಳಿಗೆ, 1980ರ ದಶಕದಲ್ಲಿ ಜಪಾನಿನ ಸಹಯೋಗದಿಂದ ಬಂದ ಹಗುರ ಲಾರಿಗಳ ಎಂಜಿನ್ನುಗಳೇ ಸರಿ: ಡಿಸಿಎಂ ಟೊಯೋಟಾದ 3.66 ಲೀಟರಿನದು, ಸ್ವರಾಜ್ ಮಜ್ದಾದ 3.45 ಲೀಟರಿನದು, ಐಷರ್ ಮಿತ್ಸುಬಿಶಿಯ 3.3 ಲೀಟರಿನದು. ಇವು ಪೆಟ್ರೋಲ್ ಎಂಜಿನ್ನಿನ ಗಾತ್ರಕ್ಕೂ ವೇಗಕ್ಕೂ ಹತ್ತಿರವಾಗಿವೆ, ತಮ್ಮದೇ ಐದು ಗೇರಿನ ಡಬ್ಬಿಯೊಡನೆ ದೊರೆಯುತ್ತವೆ. ಜೀಪುಗಳಲ್ಲಿ ಹೆಸರಾದ, ಮಟಡಾರಿನ 2.4 ಲೀಟರಿನ ಎಂಜಿನ್ನು ಒಂದು ಟನ್ನಿನ ಲಾರಿಗೆ ಸಾಲದು. ಅದು ಓಡುತ್ತದೆ, ಆದರೆ ಭಾರ ಹೊತ್ತು ಏರನ್ನು ಕಂಡಾಗ ಕಪ್ಪು ಹೊಗೆಯುಗುಳುತ್ತ ನಿಂತುಬಿಡುತ್ತದೆ. ಎಂಜಿನ್ನನ್ನು ಗುಜರಿಯಿಂದ ಕೊಳ್ಳುವಾಗ ಬರಿಯ ಎಂಜಿನ್ನನ್ನು ತರದೆ, ಸೆಲ್ಫು, ಪಂಪು, ಕ್ಲಚ್ಚು, ಗೇರ್‌ಬಾಕ್ಸು, ಮೌಂಟಿಂಗು, ಸಾಧ್ಯವಿದ್ದರೆ ರೇಡಿಯೇಟರು ಸಹಿತವಾಗಿ ಒಂದೇ ಗಾಡಿಯಿಂದ ಬಿಚ್ಚಿಸಿ ತರುವುದು ಉತ್ತಮ; ಮಾರಿದವನ ಬಿಲ್ಲನ್ನೂ ಆ ಗಾಡಿಯ ಆರ್‌ಸಿ ಬುಕ್ಕಿನ ನಕಲನ್ನೂ ಮರೆಯತಕ್ಕದ್ದಲ್ಲ.

ಕಾಗದದ ಮಾತು ಬಂದಿದ್ದರಿಂದ ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಅನಿಲ, ವಿದ್ಯುತ್ತು ಮೊದಲಾದ ಬೇರೆ ಇಂಧನಕ್ಕೆ ಅಂಗೀಕೃತ ಕಿಟ್ಟಿನ ಮೂಲಕ ಒಗ್ಗಿಸುವುದಕ್ಕೆ ವಿಧಿಬದ್ಧವಾದ ಅವಕಾಶವುಂಟು. 2019ರ ಜನವರಿಯಲ್ಲಿ, ಕೇರಳದಿಂದ ಬಂದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟು ಈ ಕಲಮಿನ ಅರ್ಥವನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು, ನಿಯಮಬಾಹಿರವಾದ ಪ್ರತಿಯೊಂದು ಮಾರ್ಪಾಟಿಗೂ ಒಡೆಯನಿಗೆ 5,000 ರೂಪಾಯಿ ದಂಡವನ್ನು, ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು, ಅಥವಾ ಎರಡನ್ನೂ ವಿಧಿಸಿತು. ಆದುದರಿಂದ ಕೆಎ-27ರ ಫಲಕವನ್ನು ಹೊತ್ತು ರಸ್ತೆಗಿಳಿಯಬೇಕೆಂದಿರುವ ಗಾಡಿಯ ಒಡೆಯನು, ಹರಾಜಿನ ಕಾಗದ, ಎಂಜಿನ್ ಮತ್ತು ಚಾಸಿ ಸಂಖ್ಯೆಗಳು, ಉದ್ದೇಶಿತ ಎಂಜಿನ್ನಿನ ವಿವರ ಇವುಗಳೊಡನೆ ಹಾವೇರಿಯ ಸಾರಿಗೆ ಕಚೇರಿಗೆ ಮೊದಲೇ ಹೋಗಿ, ಅನುಮತಿಯು ಸಾಧ್ಯವೇ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು. ಅನುಮತಿಯಿಲ್ಲದ ಎಂಜಿನ್ನಿನ ಗಾಡಿಯು ಅಪಘಾತಕ್ಕೆ ಸಿಲುಕಿದಾಗ ವಿಮೆಯವರು ಮೊದಲು ನೋಡುವುದು ಎಂಜಿನ್ನಿನ ಸಂಖ್ಯೆಯನ್ನೇ. ಆಗ ಗಾಯಾಳುವಿನ ಪರಿಹಾರದ ಹೊರೆಯು ಒಡೆಯನ ಹೊಲ-ಮನೆಗಳ ಮೇಲೆ ಬೀಳುವ ಸಂಭವವುಂಟು.

ಇದಕ್ಕೆ ಸೇರಿದ ಮತ್ತೊಂದು ನಿಯಮವನ್ನು ಬಹಳ ಜನ ಅರಿಯರು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗೆಂದೇ ನೋಂದಣಿಯ ಪ್ರತ್ಯೇಕ ಕ್ರಮವನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ಸಂದ, ವಾಣಿಜ್ಯೇತರವಾದ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳು 20,000 ರೂಪಾಯಿ ಶುಲ್ಕದ ಮೇಲೆ 'ವಿಎ' ಎಂಬ ಅಕ್ಷರಗಳುಳ್ಳ ಸಂಖ್ಯೆಯನ್ನು ಹತ್ತು ವರ್ಷಗಳ ಅವಧಿಗೆ ಪಡೆಯಬಹುದು; ಆದರೆ ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯವಾದ ಮಾರ್ಪಾಟು ಆಗಿರಕೂಡದು. ಯುದ್ಧಕಾಲದ ಡಾಜ್ ಗಾಡಿಯೊಂದು ಮೂಲ ಎಂಜಿನ್ನಿನೊಡನೆ ಯಾರಲ್ಲಿಯಾದರೂ ಉಳಿದಿದ್ದರೆ, ಅದನ್ನು ಬದಲಿಸದೆ ಇಟ್ಟುಕೊಳ್ಳಿರೆಂದು ನಾನು ಕೈಮುಗಿದು ಕೇಳುತ್ತೇನೆ: ಅಂಥವು ಇನ್ನು ಹುಟ್ಟುವುದಿಲ್ಲ, ಮತ್ತು ದುಡಿಮೆಗೆ ಒಂದು ಟ್ರ್ಯಾಕ್ಟರು ಸಾಕು. ಮೂಲ ಎಂಜಿನ್ನನ್ನು ಈಗಾಗಲೇ ಕಳೆದುಕೊಂಡ, ಅಥವಾ ಬ್ಲಾಕ್ ಸೀಳಿದ ಗಾಡಿಗೆ ಡೀಸೆಲ್ಲು ಯೋಗ್ಯವಾದ ಎರಡನೆಯ ಆಯುಷ್ಯ. ಇನ್ನೂ ತಿರುಗುವ ಪೆಟ್ರೋಲ್ ಎಂಜಿನ್ನನ್ನು ಅನಿವಾರ್ಯವಾಗಿ ಇಳಿಸಬೇಕಾಗಿ ಬಂದರೆ, ಪ್ಲಗ್ಗಿನ ತೂತುಗಳ ಮೂಲಕ ಪ್ರತಿಯೊಂದು ಸಿಲಿಂಡರಿಗೂ ಎಣ್ಣೆ ಹೊಯ್ದು, ಕೈಯಿಂದ ಎರಡು ಸುತ್ತು ತಿರುಗಿಸಿ, ಎಲ್ಲ ಬಾಯಿಗಳನ್ನೂ ಮುಚ್ಚಿ, ಕಾರ್ಬ್ಯುರೇಟರು, ಡೈನಮೋ, ಮೂಲ ಬ್ರಾಕೆಟ್ಟುಗಳಿಗೆ ಚೀಟಿ ಕಟ್ಟಿ, ಮರದ ಚೌಕಟ್ಟಿನ ಮೇಲೆ ಮಳೆ ತಾಗದ ಮೂಲೆಯಲ್ಲಿಡಬೇಕು; ಚಾಸಿಯಲ್ಲಿ ಯಾವುದನ್ನೂ ಕೊಯ್ಯದೆ ಬೋಲ್ಟಿನಿಂದಲೇ ಎಲ್ಲವನ್ನೂ ಕೂಡಿಸಿದ್ದರೆ, ಮಕ್ಕಳಾದರೂ ಮೊಮ್ಮಕ್ಕಳಾದರೂ ಅದನ್ನು ಒಂದು ವಾರದಲ್ಲಿ ಅದರ ಮೊದಲಿನ ಸ್ಥಾನಕ್ಕೆ ಏರಿಸಬಲ್ಲರು.